ಚತುರ್ದಶಿಯ ಡಬ್ಬಿ

“ಅಜ್ಜಗ ಜ್ವರ ಬಂದಾವ್ರಿ ಮೇಡಮ್.”

“ನಿನಗ ಹ್ಯಾಂಗ ಗೊತ್ತು?”

“ಮೈ ಸುಡಾಕತ್ತೈತ್ರಿ.”

“ಮುಟ್ಟಿ ನೋಡಿದ್ಯೋ, ಯಾರರ ಹೇಳಿದ್ರೋ?”

ಸತ್ಯಪ್ಪ ಎಂಬ ಆ ಹುಡುಗ ತಲೆ ಕೆರೆದುಕೊಂಡ. ಅವನು ಮುಟ್ಟಿ ನೋಡಿರಲಿಲ್ಲ. ಬೆಂಚಿನ ಮೇಲೆ ಅಜ್ಜನಾಗಿ ಮಲಗಿದ್ದ ಹುಡುಗಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಇಡೀ ಕ್ಲಾಸು ನಕ್ಕಿತು.

ಹಿಂದಿನ ಬೆಂಚಿನಲ್ಲಿ ಪಿ.ಎಸ್.ಐ. ಧೂಳಪ್ಪ ನಗಲಿಲ್ಲ. ನಗಲಿಕ್ಕೂ ಒಂದಿಷ್ಟು ಶಕ್ತಿ ಬೇಕು. ಬೆಳಗಿನಿಂದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಜೀಪು ತೆವಳಿಸಿಕೊಂಡು ನಿಪ್ಪಾಣಿ, ಬೇಡಕಿಹಾಳ, ಚಿಕ್ಕೋಡಿ ಎಂದು ಸುತ್ತಿ ಅವನ ಮೊಣಕಾಲು ಊದಿಕೊಂಡಿತ್ತು. ಕಾಲನ್ನು ಬೆಂಚಿನ ಕೆಳಗೆ ಚಾಚಲೂ ಜಾಗವಿಲ್ಲ. ಹದಿನೆಂಟು ವರ್ಷದ ಮಕ್ಕಳಿಗೆಂದು ಮಾಡಿದ ಬೆಂಚು ಪೊಲೀಸರ ಹೊಟ್ಟೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಬಂದದ್ದು ಒಂದೇ ಕೆಲಸಕ್ಕೆ. ಈ ನರ್ಸಿಂಗ್ ಕಾಲೇಜನ್ನೂ ಕೆಳಗಿನ ಆಸ್ಪತ್ರೆಯನ್ನೂ ನಡೆಸುವ ಸಂಸ್ಥೆಯ ಅಧ್ಯಕ್ಷ, ಬೇಡಕಿಹಾಳದ ತಾತ್ಯಾಸಾಹೇಬ ಪಾಟೀಲರು ತಮ್ಮದೇ ಆಸ್ಪತ್ರೆಯ ಹಾಸಿಗೆಯಲ್ಲಿ ಸಕ್ಕರೆ ಇಳಿದು ಸತ್ತಿದ್ದರು. ಆ ಸಂಜೆ ಅವರಿಗೆ ಇನ್ಸುಲಿನ್ ಸೂಜಿ ಚುಚ್ಚಿದವಳು ಎರಡನೇ ವರ್ಷದ ನೀಲಮ. ಇವತ್ತು ಸಂಜೆಯೊಳಗೆ ಅವಳ ಹೆಸರು ಕೇಸಿನಲ್ಲಿ ಬರಬೇಕೆಂದು ಮೇಲಿನವರ ಫೋನು ಬಂದಿತ್ತು. ಕೇಳಿದವರು ಡಿ.ವೈ.ಎಸ್.ಪಿ., ಕೇಳಿಸಿದವರು ಯಾರೆಂದು ಕೇಳುವ ಚಟವನ್ನು ಧೂಳಪ್ಪ ಎಂದೋ ಬಿಟ್ಟಿದ್ದ.

ಹೆಸರು ಬಂದರೆ ಮುಗಿಯಿತು. ಆ ಹುಡುಗಿ ಮತ್ತೆ ಸೂಜಿ ಹಿಡಿಯುವಂತಿಲ್ಲ, ಎಲ್ಲಿಯೂ ನರ್ಸ್ ಆಗುವಂತಿಲ್ಲ. ಕರೋಶಿಯಿಂದ ಅವಳನ್ನು ಕರೆದುಕೊಂಡು ಬಂದ ತಾಯಿ ಪದ್ಮವ್ವ ಹೊರಗಿನ ಮೆಟ್ಟಿಲ ಮೇಲೆ ಕೈಚೀಲ ಹಿಡಿದು ಕೂತಿದ್ದಳು. ಮಗಳನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ತಿಳಿಯದೆ ಚೀಲದಲ್ಲಿ ಬಟ್ಟೆ, ಸೋಪು, ಟವೆಲ್ಲು ಎಲ್ಲ ತಂದಿದ್ದಳು. ಅದನ್ನು ನೋಡಿದಾಗಿನಿಂದ ಧೂಳಪ್ಪನಿಗೆ ಯಾಕೋ ಚಹಾ ಸೇರಿರಲಿಲ್ಲ.

ನೀಲಮ ಕಿಟಕಿಯ ಪಕ್ಕ ಒಬ್ಬಳೇ ಕೂತಿದ್ದಳು. ತಾತ್ಯಾಸಾಹೇಬರು ಸತ್ತ ಮರುದಿನದಿಂದ ಅವಳ ಫೋನು ಠಾಣೆಯ ಕಪಾಟಿನಲ್ಲಿತ್ತು, ಅವಳು ಇವತ್ತಿನವರೆಗೂ ಕರೋಶಿಯ ಮನೆಯಲ್ಲಿದ್ದಳು. ಎಷ್ಟು ಕೇಳಿದರೂ ಅವಳದು ಎರಡೇ ಮಾತು. ಸೂಜಿ ಚುಚ್ಚಿದ್ದು ನಾನೇ. ಚುಚ್ಚುವ ಮೊದಲು ಉಂಡಿರಾ ಎಂದು ಕೇಳಿದ್ದೆ. ಆಮೇಲೆ ಬಾಯಿಗೆ ಬೀಗ.

“ಜ್ವರ ಅಂದ್ರ ಜ್ವರ ಅಂತ ಬರ್ಕೊಳ್ಳೂದಲ್ಲ,” ಎನ್ನುತ್ತಿದ್ದರು ಸುಗಂಧಾ ಮೇಡಮ್. “ಯಾರ ಏನ ಹೇಳಿದ್ರೂ ಒಂದ ಪ್ರಶ್ನಿ. ನಿನಗ ಹ್ಯಾಂಗ ಗೊತ್ತು? ಡಾಕ್ಟರ್ ಹೇಳಲಿ, ನಾ ಹೇಳಲಿ, ಪೇಶಂಟ್ ಹೇಳಲಿ. ಕೇಳಾಕ ನಾಚಿಕಿ ಆದ್ರ ನರ್ಸ್ ಆಗಬ್ಯಾಡ್ರಿ, ಬ್ಯಾರೆ ದಂಧೆ ನೋಡ್ರಿ.”

ಇಷ್ಟು ವರ್ಷದ ನೌಕರಿಯಲ್ಲಿ ಠಾಣೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿದ್ದು ಧೂಳಪ್ಪನಿಗೆ ನೆನಪಿರಲಿಲ್ಲ. ಅಲ್ಲಿ ಕೇಳುವುದು, ‘ನೀನ ಮಾಡೀ ಹೌದಲ್ಲೋ?’ ಎಂದು. ಅದಕ್ಕೆ ಉತ್ತರವೂ ಬೇಗ ಬರುತ್ತದೆ.

ಸುಗಂಧಾ ನೋಟ್ಸ್ ಬರೆಸುವುದಿಲ್ಲ ಎಂಬುದೇ ಈ ಕಾಲೇಜಿನ ದೊಡ್ಡ ಗಲಾಟೆ, ಇದೇ ಕಾರಣಕ್ಕೆ ತಾತ್ಯಾಸಾಹೇಬರು ಅವರನ್ನು ಕೆಲಸದಿಂದ ತೆಗೆಯಲು ಹೊರಟಿದ್ದರಂತೆ. ಹುಡುಗರಲ್ಲಿ ಒಬ್ಬರನ್ನು ರೋಗಿ ಮಾಡುತ್ತಾರೆ, ಇನ್ನೊಬ್ಬರನ್ನು ನರ್ಸ್ ಮಾಡುತ್ತಾರೆ. ರೋಗಿಯಾದವರು ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಕೇಳದ್ದನ್ನು ಹೇಳುವಂತಿಲ್ಲ. ಉಳಿದವರು ಕೇಳಿ, ನೋಡಿ, ಯೋಚಿಸಿ ರೋಗ ಹಿಡಿಯಬೇಕು. ಮೇಡಮ್ ಉತ್ತರ ಹೇಳುವುದೇ ಇಲ್ಲ. ಇದೂ ಒಂದು ಕಲಿಸುವ ರೀತಿಯೇ ಎಂದು ಮೊದಲಿಗೆ ಮೂಗು ಮುರಿದಿದ್ದ ಧೂಳಪ್ಪನಿಗೆ ಈಗ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು. ತನ್ನ ಕಾನ್‌ಸ್ಟೇಬಲ್‌ಗಳಿಗೆ ಇಂಥ ಒಂದು ಕ್ಲಾಸು ಸಿಕ್ಕಿದ್ದರೆ ಅರ್ಧ ಕೇಸು ಕೋರ್ಟಿನಲ್ಲಿ ಬೀಳುತ್ತಿರಲಿಲ್ಲ.

ಬಾಗಿಲು ತೆರೆಯಿತು. ಕ್ಲಾಸು ಎದ್ದು ನಿಂತಿತು.

ಬಂದವರು ತಾತ್ಯಾಸಾಹೇಬರ ಮಗ ಶ್ರೇಣಿಕ. ಅಪ್ಪ ಹೋದ ಮೇಲೆ ಅಧ್ಯಕ್ಷರ ಕುರ್ಚಿ ಅವರದೇ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೆ ತುಸು ಹೆಚ್ಚೇ ಗೊತ್ತಿತ್ತು. ಬಿಳಿ ಅಂಗಿ, ಕೆಂಪಗಾದ ಕಣ್ಣು. ಅತ್ತು ಕೆಂಪಾದದ್ದೋ ನಿದ್ದೆಗೆಟ್ಟು ಕೆಂಪಾದದ್ದೋ, ಧೂಳಪ್ಪನಿಗೆ ಇನ್ನೂ ತೀರ್ಮಾನಿಸಲು ಆಗಿರಲಿಲ್ಲ.

“ಇನ್ನೂ ಇಲ್ಲೇ ಅದೀರೇನ್ರಿ ಸಾಹೇಬ್ರ?” ಎಂದರು. “ಹುಡುಗೀನ ಕರ್ಕೊಂಡ ಹೋಗ್ತೀರಿ ಅಂದ್ಕೊಂಡಿದ್ದೆ.”

“ಕ್ಲಾಸ್ ನಡದಿತ್ರಿ ಶ್ರೇಣಿಕಣ್ಣಾರ. ಮುಗೀಲಿ ಅಂತ ಕುಂತೇನಿ.”

“ಇದಕ್ಕ ಕ್ಲಾಸ್ ಅಂತಾರೇನ್ರಿ? ನಾಟಕ ಇದು. ನಾಟಕ ಆಡಿಸಿ ಆಡಿಸಿ ಹುಡುಗೂರ ಕೈಯಾಗ ಸೂಜಿ ಕೊಟ್ಟಾರ.” ಸುಗಂಧಾರ ಕಡೆ ನೋಡದೆಯೇ ಹೇಳಿದರು. “ಬುಕ್ ಓದಿಸಿದ್ರ ನಮ್ಮಪ್ಪ ಉಳೀತಿದ್ದ.”

ಸುಗಂಧಾ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. ಪಾಠದ ಹೊರಗೆ ಅವರು ಬಹಳ ಮಾತಿನವರಲ್ಲ.

ಧೂಳಪ್ಪ ಶ್ರೇಣಿಕ, ಸುಗಂಧಾ, ನೀಲಮ ಮೂವರ ಮುಖವನ್ನೂ ಒಮ್ಮೆ ನೋಡಿದ. ಆ ಸಂಜೆ ಎಲ್ಲಿದ್ದಿರಿ ಎಂದು ಅವನು ಕಾಲೇಜಿನ ಎಲ್ಲರನ್ನೂ ಕೇಳಿ ಆಗಿತ್ತು. ಅವರವರೇ ಹೇಳಿದಂತೆ, ಶ್ರೇಣಿಕ ಅಪ್ಪನಿಗೆ ಉಣಿಸಿ, ಹೊತ್ತು ಮುಳುಗುವುದರೊಳಗೆ ಕಬ್ಬು ಕಡಿಯುವ ಗ್ಯಾಂಗು ನೋಡಲು ಕಾಗವಾಡದ ಕಡೆ ಹೋಗಿದ್ದರು. ಸುಗಂಧಾ ರಾಯಬಾಗದಲ್ಲಿ ತಂಗಿಯ ಮನೆಯಲ್ಲಿದ್ದರು. ಸ್ಟಾಫ್ ನರ್ಸು ಪಕ್ಕದ ಹೆರಿಗೆ ವಾರ್ಡಿನ ಗಡಿಬಿಡಿಯಲ್ಲಿದ್ದಳು. ನೀಲಮಳ ಜೀವದ ಗೆಳತಿ, ಕ್ಲಾಸಿನ ಜಾಣೆ ಮೇಘಾ, ತಾತ್ಯಾಸಾಹೇಬರು ಆಸ್ಪತ್ರೆ ಸೇರುವ ಮೊದಲೇ ರಜೆ ಹಾಕಿ ಅಂಕಲಿಗೆ ಹೋದವಳು, ಅವರ ಅಂತ್ಯಕ್ರಿಯೆ ಆದ ಮೇಲೆಯೇ ವಾಪಸು ಬಂದದ್ದು. ಒಟ್ಟಿನಲ್ಲಿ ನೀಲಮಳೊಬ್ಬಳನ್ನು ಬಿಟ್ಟು ಊರಿಗೆ ಊರೇ ಆ ಸಂಜೆ ಬೇರೆ ಎಲ್ಲೋ ಇತ್ತು. ಅನುಕೂಲದ ಸಂಜೆ.

ಎದ್ದು ಹುಡುಗಿಯನ್ನು ಜೀಪಿಗೆ ಹತ್ತಿಸಿದರೆ ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದಿತ್ತು. ಕಾಲಿಗೆ ಬಿಸಿನೀರು, ಒಂದು ಜೋಳದ ಬಕ್ಕರಿ, ನಿದ್ದೆ. ಅವನಿಗೆ ಅಷ್ಟೇ ಬೇಕಾಗಿತ್ತು. ಆದರೆ ಆ ಪ್ರಶ್ನೆ ಹಾಳಾದ್ದು ತಲೆಯೊಳಗೆ ಹೊಕ್ಕು ಕೂತಿತ್ತು.

“ಮೇಡಮ್,” ಎಂದ. “ಈ ನಾಟಕ ಇನ್ನೊಂದ ಸಲ ಆಡಸ್ತೀರೇನ್ರಿ? ಜ್ವರದ ಅಜ್ಜ ಬ್ಯಾಡ. ಆ ದಿನದ ಸಂಜಿ.”

ಸುಗಂಧಾ ತಟ್ಟನೆ ತಲೆ ಎತ್ತಿದರು.

“ಬ್ಯಾಡ್ರಿ ಸಾಹೇಬ್ರ. ಇದು ಪಾಠ. ಸತ್ತವ್ರನ್ನ ತಂದು ಆಟ ಆಡಸೂದು ಚಂದ ಅಲ್ಲ.”

“ಹುಡುಗೀನ ಒಯ್ಯೂದೂ ಚಂದ ಅಲ್ರಿ,” ಎಂದ ಧೂಳಪ್ಪ. “ಎರಡ್ರಾಗ ಒಂದ ಆರಿಸ್ರಿ.”

ಸುಗಂಧಾ ಕಿಟಕಿಯ ಕಡೆ, ನೀಲಮಳ ಕಡೆ ನೋಡಿದರು. ಆಮೇಲೆ ಮುಂದಿನ ಸಾಲಿನ ಒಂದು ಹುಡುಗಿಗೆ, “ಸುಂದರಾ, ನೀ ಅಜ್ಜ ಆಗು,” ಎಂದರು.

ಸುಂದರಾ ಏಳುವ ಮೊದಲೇ ಮೇಘಾ ಎದ್ದು ಬಂದಾಗಿತ್ತು. “ನಾ ಆಕ್ಕೀನ್ರಿ ಅಜ್ಜ,” ಎಂದಳು. ಸುಗಂಧಾ ಏನೋ ಹೇಳಹೋಗಿ ಸುಮ್ಮನಾದರು.

ಸತ್ಯಪ್ಪನೇ ನೀಲಮ ಆಗಬೇಕಾಯಿತು. ಬೆಂಚಿನ ಮೇಲೆ ಬೆಡ್‌ಶೀಟು ಹಾಸಿದರು. ಶ್ರೇಣಿಕ ಎದೆಗೆ ಕೈಕಟ್ಟಿಕೊಂಡು ಗೋಡೆಗೆ ಒರಗಿದರು, ಇಷ್ಟವಿಲ್ಲದ ಮದುವೆಗೆ ಬಂದವರ ಹಾಗೆ.

ಮೇಘಾ ಚಪ್ಪಲಿ ಬಿಟ್ಟಳು. ಕೈಗಡಿಯಾರ ಬಿಚ್ಚಿ ಮುಂದೆ ಇಟ್ಟುಕೊಂಡಳು. ಬೆಂಚಿನ ಮೇಲೆ ಬಲಗಾಲು ಮಡಚಿ ಕೂತಳು. ಆಮೇಲೆ ಮೂಲೆಯಲ್ಲಿದ್ದ ಕಬ್ಬಿಣದ ಸ್ಟೂಲನ್ನು ಎಳೆದು, ಎಡಗಾಲನ್ನು ನೀಟಾಗಿ ಚಾಚಿ, ಹಿಮ್ಮಡಿಯನ್ನು ಅದರ ಮೇಲಿಟ್ಟಳು. ಕಣ್ಣು ಮುಚ್ಚಿದಳು. ಪಾಪ, ಈ ಹುಡುಗಿಗೂ ನನ್ನ ಹಾಗೆ ಮೊಣಕಾಲು ಹಿಡಿಯುತ್ತದೇನೋ ಎಂದುಕೊಂಡ ಧೂಳಪ್ಪ.

ಸತ್ಯಪ್ಪ ಪೆನ್ನನ್ನು ಸೂಜಿಯ ಹಾಗೆ ಹಿಡಿದು ಬಂದ.

“ಅಜ್ಜಾರ, ನಿಮ್ಮ ಹೆಸರೇನ್ರಿ?”

ಮೇಘಾ ಮಾತಾಡಲಿಲ್ಲ.

“ಅಜ್ಜಾರ, ಊಟ ಆತೇನ್ರಿ?”

ಮಾತಿಲ್ಲ. ಹಿಂದಿನವರು ಕಿಸಕ್ಕೆಂದರು. ಸತ್ಯಪ್ಪ ಮೇಡಮ್ ಕಡೆ ತಿರುಗಿದ. ಎಂದಿನಂತೆ ‘ಯೋಚನಿ ಮಾಡು’ ಎಂದು ಗದರಿಸಬೇಕಾದ ಸುಗಂಧಾ ಇವತ್ತು ಏನೂ ಅನ್ನಲಿಲ್ಲ. ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದರು. ಆದರೂ ಕಲಿಸಿದ ಪಾಠ ಕಲಿಸಿದವರಿಲ್ಲದೆಯೂ ನಡೆಯುತ್ತದೆ. ಸತ್ಯಪ್ಪ ಬೆಂಚಿನ ಸುತ್ತ ಒಂದು ಸುತ್ತು ಹಾಕಿದ.

“ಎಚ್ಚರ ತಪ್ಪಿಲ್ರಿ,” ಎಂದ ತನಗೆ ತಾನೇ. “ನೆಟ್ಟಗ ಕುಂತಾರ. ಕಿವುಡೂ ಅಲ್ಲ, ನಾ ಬಂದಾಗ ರೆಪ್ಪಿ ಅಲ್ಲಾಡಿತು. ಮಾತ ಬರತೈತಿ, ಆದ್ರ ಆಡವಲ್ರು. ಪೂಜಿಗೆ ಕುಂತಾರ.”

“ನಿನಗ ಹ್ಯಾಂಗ ಗೊತ್ತು?” ಎಂದು ನಾಲ್ಕು ಕಡೆಯಿಂದ ದನಿ ಬಂತು.

“ಚಪ್ಪಲ್ ಬಿಟ್ಟಾರ. ವಾಚ್ ತಗದ ಮುಂದ ಇಟ್ಟಾರ. ಟೈಮ್ ಹಿಡದ ಕುಂತಾರ ಅಂದಂಗಾತು.”

ಧೂಳಪ್ಪ ಮೆಲ್ಲನೆ ಎದ್ದ. ಕೀಲು ಕಟಕ್ಕೆಂದಿತು. ಜೈನರ ಓಣಿಯ ಪಕ್ಕದಲ್ಲೇ ಬೆಳೆದವನು ಅವನು. ಗಡಿಯಾರ ಮುಂದಿಟ್ಟುಕೊಂಡು, ಹೊತ್ತು ಮುಳುಗುವ ವೇಳೆಗೆ ಮಾತು ಬಿಟ್ಟು ಸಾಮಾಯಿಕದ ಧ್ಯಾನಕ್ಕೆ ಕೂರುವ ಹಿರಿಯರನ್ನು ಚಿಕ್ಕಂದಿನಲ್ಲಿ ಕಿಟಕಿಯಿಂದ ಇಣುಕಿ ನೋಡಿದ್ದ. ಇಷ್ಟು ದಿನ ಅದು ತಲೆಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೇ ಬೇಸರವಾಯಿತು.

“ಶ್ರೇಣಿಕಣ್ಣಾರ, ನಿಮ್ಮ ತಂದಿಯವರು ಸಂಜಿಮುಂದ ಸಾಮಾಯಿಕಕ್ಕ ಕುಂದರ್ತಿದ್ರೇನು?”

“ಕುಂದರ್ತಿದ್ರು. ಅದಕ್ಕೇನಾತೀಗ?”

“ಆವಾಗ ಮಾತು?”

“ಮನಿಗೆ ಬೆಂಕಿ ಬಿದ್ರೂ ಆಡ್ತಿದ್ದಿಲ್ಲ.”

“ಅವತ್ತ ತಿಥಿ ಯಾವುದಿತ್ರಿ?”

ಶ್ರೇಣಿಕ ಕೈಕಟ್ಟು ಬಿಟ್ಟರು. ಉತ್ತರ ಅವರ ಬಾಯಿಂದ ಬರುವ ಮೊದಲು ಬೆಂಚಿನ ಮೇಲಿನಿಂದ ಬಂತು. ಮೇಘಾ ಕಣ್ಣು ತೆರೆಯದೆಯೇ ಹೇಳಿದಳು, “ಚತುರ್ದಶಿ.”

ಕೇಳದ್ದನ್ನು ಹೇಳುವಂತಿಲ್ಲ ಎಂಬುದು ಆಟದ ನಿಯಮ. ಆದರೆ ಕೇಳಿದ್ದು ಅವಳನ್ನಲ್ಲ ಎಂದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

“ಚತುರ್ದಶಿ,” ಎಂದ ಧೂಳಪ್ಪ. “ತಾತ್ಯಾಸಾಹೇಬ್ರಂಥ ನೇಮದವ್ರು ಚತುರ್ದಶಿ ದಿನ ಒಪ್ಪತ್ತು. ಮಧ್ಯಾಹ್ನ ಒಂದ ಊಟ, ಸಂಜಿಗೆ ಒಂದ ತುತ್ತೂ ಇಲ್ಲ. ಹೌದೋ ಅಲ್ಲೋ?”

“ಸಾಹೇಬ್ರ, ಡಾಕ್ಟರ್ ಉಪವಾಸ ಬ್ಯಾಡ ಅಂದಿದ್ರು.”

“ಡಾಕ್ಟರ್ ಅಂದದ್ದು ಕೇಳಲಿಲ್ರಿ. ನಿಮ್ಮಪ್ಪ ಏನ್ ಮಾಡಿದ್ರು ಅಂತ ಕೇಳಿದೆ. ‘ನನ್ನ ಕಣ್ಣಮುಂದ ಎರಡ ಬಕ್ಕರಿ, ಬದನಿಕಾಯಿ ಪಲ್ಲೆ ಉಂಡ್ರು’ ಅಂತ ನೀವ ನನ್ನ ಮುಂದ ಹೇಳೀರಿ.”

“ಹೌದು, ಹೇಳೇನಿ.”

“ನಿಮಗ ಹ್ಯಾಂಗ ಗೊತ್ತು?”

ದೂರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಯಾವುದೋ ಮರಾಠಿ ಹಾಡನ್ನು ಎಳೆದುಕೊಂಡು ಹೋಯಿತು.

ಶ್ರೇಣಿಕ ಮುಂದಿನ ಬೆಂಚಿನ ತುದಿಯಲ್ಲಿ ಕೂತರು. ಅಲ್ಲಿದ್ದ ಹುಡುಗಿಯರು ಸರಿದು ಜಾಗ ಮಾಡಿಕೊಟ್ಟರು. ದೊಡ್ಡವರು ಕೂತರೆ ಎಷ್ಟು ಸಣ್ಣವರಾಗಿ ಕಾಣುತ್ತಾರೆ ಎಂದುಕೊಂಡ ಧೂಳಪ್ಪ.

“ನನ್ನ ಕಣ್ಣಮುಂದ ಉಣ್ಣಲಿಲ್ಲ,” ಎಂದರು ಶ್ರೇಣಿಕ. ದನಿಯಲ್ಲಿ ಅಧ್ಯಕ್ಷಗಿರಿ ಉಳಿದಿರಲಿಲ್ಲ. “ಕಾಲಿನ ಗಾಯಕ್ಕಂತ ಅಡ್ಮಿಟ್ ಮಾಡೂಮುಂದ ಡಾಕ್ಟರಗ ನಾ ಮಾತ ಕೊಟ್ಟಿದ್ದೆ, ಉಪವಾಸ ಬಿಡಸ್ತೇನಿ ಅಂತ. ಅಪ್ಪಾಗ ಹೇಳಿ ನೋಡಿದೆ. ‘ಜೀವ ಹೋದ್ರ ಹೋಗಲಿ, ಹತ್ತ ವರ್ಷದಾಂವ ಇದ್ದಾಗ ಹಿಡದ ನೇಮ ಬಿಡಂಗಿಲ್ಲ’ ಅಂದ. ಮತ್ತ ಡಾಕ್ಟರಗ ಹೇಳಾಕ ನಾಚಿಕಿ ಆತು. ಹೆಂಡತಿ ರೂಪಾಲಿ ಕೈಲೆ ಡಬ್ಬಿ ಕಟ್ಟಿಸಿ ತಂದೆ. ಡಬ್ಬಿ ಬಂತು ಅಂದ್ರ ಉಂಡ್ರು ಅಂತ ಆಸ್ಪತ್ರಿಯವ್ರು ತಿಳ್ಕೊಂತಾರ, ಅಷ್ಟ.”

“ಸೂಜಿ ಚುಚ್ತಾರ ಅಂತ ಗೊತ್ತಿದ್ದಿಲ್ಲೇನು?”

“ಸೂಜಿಗೂ ಊಟಕ್ಕೂ ಏನ ಸಂಬಂಧ ಅಂತ ನನಗ ಹ್ಯಾಂಗ ಗೊತ್ತಿರಬೇಕ್ರಿ?” ಶ್ರೇಣಿಕ ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. “ಮಧ್ಯಾಹ್ನ ಉಂಡಾನಲ್ಲ, ಸಾಕು ಅಂದ್ಕೊಂಡೆ.”

ಧೂಳಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಮಗ ಅಪ್ಪನ ನೇಮಕ್ಕೂ ತಪ್ಪಲಿಲ್ಲ, ಡಾಕ್ಟರ ಮಾತಿಗೂ ತಪ್ಪಲಿಲ್ಲ. ಇಬ್ಬರನ್ನೂ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟು ಕಬ್ಬು ನೋಡಲು ಹೋಗಿದ್ದ. ಮಾನ ಉಳಿಸಿಕೊಳ್ಳುವುದಕ್ಕೆ ಈ ಸೀಮೆಯ ಜನ ಇದಕ್ಕಿಂತ ದೊಡ್ಡ ಮೂರ್ಖತನ ಮಾಡಿದ್ದನ್ನೂ ಅವನು ನೋಡಿದ್ದ. ಅವನ್ನೆಲ್ಲ ನೋಡಿ ನೋಡಿಯೇ ಅವನು ದಣಿದಿದ್ದ.

“ಹಂಗಾರ ಈ ಹುಡುಗಿ ಮ್ಯಾಲೆ ಯಾಕ ಹೊರಿಸಿದ್ರಿ?”

“ಹೊರಸಲಿಲ್ರಿ,” ಎಂದರು ಶ್ರೇಣಿಕ. “ನಂಬಿದ್ದೆ. ಯಾಕಂದ್ರ ನಾ ತುಂಬಿದ ಡಬ್ಬಿ ಕಿಟಕ್ಯಾಗ ಇಟ್ಟ ಹೋದೆ. ಮರುದಿನ ಮುಂಜಾನಿ ಅಪ್ಪನ ಸಾಮಾನದ ಜೋಡಿ ಅದು ಖಾಲಿ ಮನಿಗೆ ಬಂತು. ತೊಳದ ಇಟ್ಟಂಗ ಖಾಲಿ. ಕಡೀಕ ನನ್ನ ಮಾತ ಕೇಳಿ ಅಪ್ಪ ಉಂಡಾನ ಅಂತ ತಿಳದೆ. ಸತ್ತ ದುಃಖದಾಗ ಅದೊಂದ ಹಿಡದ ಕುಂತಿದ್ದೆ. ಉಂಡಾನ ಅಂದ ಮ್ಯಾಲೆ ಸೂಜಿ ಹೆಚ್ಚ ಚುಚ್ಚ್ಯಾಳ ಅಂತನ ಅರ್ಥ ಅಲ್ರಿ?”

“ತುಂಬಿದ ಡಬ್ಬಿ?”

“ಬಸದಿ ಮ್ಯಾಲೆ ಆಣಿ ಮಾಡ್ತೇನಿ. ತುಂಬಿದ ಡಬ್ಬಿ.”

ಸತ್ಯಪ್ಪ ಇನ್ನೂ ಪೆನ್ನು ಹಿಡಿದೇ ನಿಂತಿದ್ದ. ಅವನ ತಲೆಯಲ್ಲಿ ಆಟ ನಿಂತಿರಲಿಲ್ಲ. “ನೇಮ ಬಿಡದ ಅಜ್ಜ ಉಂಡಿರಂಗಿಲ್ಲ. ಆದ್ರೂ ಡಬ್ಬಿ ಖಾಲಿ ಆತು,” ಎಂದ. “ಯಾರೋ ಖಾಲಿ ಮಾಡ್ಯಾರ. ಯಾಕಂದ್ರ ನರ್ಸ್ ಬಂದಾಗ ಅಜ್ಜ ಉಂಡಾರ ಅಂತ ಕಾಣಬೇಕು, ಹಸದ ಹೊಟ್ಟಿಗೆ ಇನ್ಸುಲಿನ್ ಬಿದ್ರ ಸಕ್ಕರಿ ಇಳೀತೈತಿ.” ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಅರ್ಥವಾಯಿತು. ಪೆನ್ನು ಕೆಳಗಿಟ್ಟ.

ಇಷ್ಟು ದಿನ ಇದು ಒಂದು ಹುಡುಗಿಯ ತಪ್ಪು. ಈಗ ಇದು ಬೇರೆ ಏನೋ. ಧೂಳಪ್ಪನ ಮನಸ್ಸಿನಲ್ಲಿ ಬಿಸಿನೀರು, ಬಕ್ಕರಿ, ನಿದ್ದೆ ಮೂರೂ ಒಂದೊಂದಾಗಿ ದೂರ ಹೋದವು.

“ನೀಲಮವ್ವಾ,” ಎಂದ. “ಎದ್ದ ಬಾ. ಸತ್ಯಪ್ಪ ನೀನಾಗೂದು ಸಾಕು. ನೀನ ನೀನಾಗು.”

ನೀಲಮ ಬಂದಳು. ಕಣ್ಣ ಕೆಳಗೆ ಕಪ್ಪು ಹಿಡಿದಿತ್ತು. ಬೆಂಚಿನ ಮುಂದೆ ನಿಂತು ಮೇಘಾಳ ಮುಖವನ್ನು ನೋಡಿದಳು. ಮೇಘಾ ಕಣ್ಣು ತೆರೆಯಲಿಲ್ಲ.

“ಅಜ್ಜಾರ, ಊಟ ಆತೇನ್ರಿ?” ಎಂದಳು ನೀಲಮ. ಒಂದು ಕ್ಷಣ ಕಾದಳು. ಉತ್ತರ ಬಾರದಿದ್ದಾಗ, ಅವತ್ತು ಮಾಡಿದ ಹಾಗೆಯೇ, ತಲೆ ತಿರುಗಿಸಿದಳು. ಸ್ಟೂಲಿನ ಕಡೆಗಲ್ಲ, ಬಾಗಿಲ ಕಡೆಗೂ ಅಲ್ಲ. ಕಿಟಕಿಯ ಕಡೆ, ಡಬ್ಬಿ ಇದ್ದ ಕಡೆ.

“ಅಲ್ಲೆ ಯಾರ ನಿಂತಿದ್ರು?” ಎಂದು ಧೂಳಪ್ಪ ಕೇಳಿದ.

ನೀಲಮ ತುಟಿ ಕಚ್ಚಿಕೊಂಡಳು.

“ಹೇಳವ್ವಾ. ನಿಮ್ಮವ್ವ ಹೊರಗ ಚೀಲ ಹಿಡಕೊಂಡ ಕುಂತಾಳ.”

“ನಾ ಕೇಳೇನ್ರಿ ಸಾಹೇಬ್ರ. ಸುಮ್ಮನ ಚುಚ್ಚಿಲ್ಲ. ಅಜ್ಜಾರು ಮಾತಾಡಲಿಲ್ಲ. ಅದಕ್ಕ ಅಲ್ಲಿದ್ದವ್ರನ್ನ ಕೇಳೇನಿ. ‘ಉಂಡಾರ, ನೋಡ ಡಬ್ಬಿ’ ಅಂದ್ರು. ಡಬ್ಬಿ ತಗದ ತೋರ್ಸಿದ್ರು.”

“ಅಂದವ್ರಿಗೆ ಹ್ಯಾಂಗ ಗೊತ್ತು ಅಂತ ಕೇಳಲಿಲ್ಲೇನ?” ಎಂದು ಹಿಂದಿನಿಂದ ಯಾವುದೋ ಹುಡುಗಿ ಕೇಳಿಬಿಟ್ಟಳು. ಚುಚ್ಚಬೇಕೆಂದು ಕೇಳಿದ್ದಲ್ಲ, ಕ್ಲಾಸಿನ ರೂಢಿ.

ನೀಲಮ ಅತ್ತಳು. “ಕೇಳಲಿಲ್ಲ,” ಎಂದಳು. “ನಮ್ಮವ್ರನ್ನ ಯಾರ ಹಂಗ ಕೇಳ್ತಾರ?”

ನಮ್ಮವರು. ಧೂಳಪ್ಪ ಆ ಮಾತನ್ನು ಹಿಡಿದು ನಿಂತ. ಹೊರಗಿನವರನ್ನು ನೂರು ಪ್ರಶ್ನೆ ಕೇಳಲು ಕಲಿಸಬಹುದು. ನಮ್ಮವರನ್ನು ಒಂದು ಪ್ರಶ್ನೆ ಕೇಳಲು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಅವನಿಗೂ ಯಾರೂ ಕಲಿಸಿರಲಿಲ್ಲ.

ಶ್ರೇಣಿಕ ಎದ್ದರು. ನೀಲಮಳ ಹತ್ತಿರ ಹೋಗಿ ಏನೋ ಹೇಳಬೇಕೆಂದು ಕೈ ಎತ್ತಿದರು, ಆಗದೆ ಕೆಳಗಿಳಿಸಿದರು. ಹೋಗುವಾಗ ಬೆಂಚಿನ ಮುಂದೆ ನಿಂತರು. ಮೇಘಾ ಇನ್ನೂ ಹಾಗೆಯೇ ಕೂತಿದ್ದಳು.

“ಥೇಟ್ ಅಪ್ಪನ್ನ ನೋಡಿದಂಗ ಆತವ್ವಾ,” ಎಂದರು. “ಜನ್ಮದಾಗ ಪದ್ಮಾಸನ ಬಿಟ್ಟ ಕುಂತಾಂವ ಅಲ್ಲ ನಮ್ಮಪ್ಪ. ಅವತ್ತ ಒಂದ ದಿನ, ಎಡಗಾಲಿಗೆ ಪಟ್ಟಿ ಕಟ್ಟಿದ್ರಲ್ಲ, ಮಡಚಾಕ ಬರಲಿಲ್ಲ. ನಾನ ಸ್ಟೂಲ್ ಎಳದ ಹಿಮ್ಮಡಿ ಇಟ್ಟ ಬಂದೆ. ಹಿಂಗ ಕುಂತಿದ್ದ. ಹಿಂಗ ಬಿಟ್ಟ ಹೋದೆ.”

ಕಣ್ಣೊರೆಸಿಕೊಂಡು ಅವರು ಬಾಗಿಲ ಕಡೆ ನಡೆದರು.

ಧೂಳಪ್ಪ ನಡೆಯಲಿಲ್ಲ. ಅವನ ಕಣ್ಣು ಸ್ಟೂಲಿನ ಮೇಲಿನ ಹಿಮ್ಮಡಿಯ ಮೇಲೆ ನಿಂತುಬಿಟ್ಟಿತ್ತು. ಮೊಣಕಾಲು ನೋವು ಎಂದುಕೊಂಡಿದ್ದನಲ್ಲ, ಮೂರ್ಖ. ಹಾಗೆ ಕೂತ ತಾತ್ಯಾಸಾಹೇಬರನ್ನು ಮಗ ನೋಡಿದ್ದ, ನೀಲಮ ನೋಡಿದ್ದಳು, ಕಿಟಕಿಯ ಹತ್ತಿರ ನಿಂತು ಡಬ್ಬಿ ತೋರಿಸಿದವರು ನೋಡಿದ್ದರು. ಮಗ ಈವರೆಗೆ ಯಾರಿಗೂ ಹೇಳಿರಲಿಲ್ಲ. ನೀಲಮಳ ಫೋನು ಠಾಣೆಯಲ್ಲಿತ್ತು, ಕರೋಶಿಯಿಂದ ಅವಳು ಬಂದದ್ದೇ ಇವತ್ತು, ಬಂದಾಗಿನಿಂದ ಯಾರ ಜೊತೆಯೂ ಮಾತಾಡಿರಲಿಲ್ಲ.

ಮತ್ತು ಅಂಕಲಿಯ ಈ ಹುಡುಗಿ, ಅವಳದೇ ಮಾತಿನಂತೆ, ಆಸ್ಪತ್ರೆಯ ತಾತ್ಯಾಸಾಹೇಬರನ್ನು ನೋಡಿಯೇ ಇರಲಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂದು ಒಂದು ಕ್ಷಣ ಯೋಚಿಸಿದ. ಏನೂ ಆಗುವುದಿಲ್ಲ. ಒಂದು ಹುಡುಗಿಯ ಬದಲು ಇನ್ನೊಂದು ಹುಡುಗಿ ಎಂಬುದು ತಪ್ಪುತ್ತದೆ. ಆದರೆ ಮೆಟ್ಟಿಲ ಮೇಲಿನ ಚೀಲ ಅಲ್ಲೇ ಇರುತ್ತದೆ.

“ಮೇಘಾ,” ಎಂದ, ಆದಷ್ಟು ಮೆತ್ತಗೆ. “ಎಡಗಾಲ ಸ್ಟೂಲಿನ ಮ್ಯಾಲೆ ಇಟ್ಟಿಯಲ್ಲವ್ವಾ.”

“ಸಾಹೇಬ್ರ, ಅಕಿನ್ನ ಕೇಳಬ್ಯಾಡ್ರಿ,” ಎಂದಳು ನೀಲಮ. ಇಷ್ಟು ದಿನಗಳಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಅದರಲ್ಲೇ ಉತ್ತರವೂ ಇತ್ತು.

ಬಾಗಿಲಲ್ಲಿ ಶ್ರೇಣಿಕ ತಿರುಗಿ ನಿಂತರು. ಕ್ಲಾಸಿಗೆ ಕ್ಲಾಸೇ ಬೆಂಚಿನ ಕಡೆ ನೋಡಿತು. ಆಮೇಲೆ, ಯಾರೂ ಹೇಳದೆಯೇ, ಎಲ್ಲರೂ ಮೇಡಮ್ ಕಡೆ ತಿರುಗಿದರು. ಆ ಪ್ರಶ್ನೆ ಅವರದು. ಈ ಕೋಣೆಯಲ್ಲಿ ಅದನ್ನು ಕೇಳುವ ಮೊದಲ ಹಕ್ಕು ಅವರದು.

ಸುಗಂಧಾ ಬಾಯಿ ತೆರೆದರು. “ನಿನಗ,” ಎಂದರು. ಅಲ್ಲಿಗೇ ನಿಂತಿತು. ಮೆಚ್ಚಿನ ಶಿಷ್ಯೆ, ಪಾಪ, ಕರುಳು ಕೇಳದು ಎಂದು ಧೂಳಪ್ಪ ಅಂದುಕೊಂಡ. ಅವರ ಕೈ ಮೇಜಿನ ಮೇಲೆ ಸೀಮೆಸುಣ್ಣಕ್ಕಾಗಿ ತಡಕಾಡಿತು. ಸಿಕ್ಕಿದ್ದು ಎರಡು ತುಂಡಾಯಿತು.

ಮೇಘಾ ಕಣ್ಣು ತೆರೆದಳು. ಸ್ಟೂಲಿನಿಂದ ಕಾಲು ಇಳಿಸಿ, ಚಪ್ಪಲಿ ಹಾಕಿಕೊಂಡು, ಗಡಿಯಾರ ಕಟ್ಟಿಕೊಂಡಳು. ಆಟ ಮುಗಿಸಿದವಳ ಹಾಗೆ ಎದ್ದು ನಿಂತಳು. ಅವಳ ಮುಖದಲ್ಲಿ ಭಯವಿರಲಿಲ್ಲ, ಬಹಳ ದಿನ ಹೊತ್ತದ್ದನ್ನು ಇಳಿಸುವವರ ದಣಿವಿತ್ತು.

“ಕೇಳ್ರಿ ಮೇಡಮ್. ನೀವ ಕಲಿಸಿದ್ದು,” ಎಂದಳು. “ನೀವು ಕೇಳಲಿಲ್ಲ ಅಂದ್ರ ಸಾಹೇಬ್ರು ಕೇಳ್ತಾರ. ಅವ್ರು ಕೇಳಿದ್ರಂದ್ರ, ಅವತ್ತ ಫೋನ್ ಮಾಡಿ ಅಂಕಲಿಯಿಂದ ನನ್ನ ಕರಿಸಿದವ್ರ ಹೆಸರೂ ನಾ ಹೇಳಬೇಕಾಗ್ತೈತಿ.”